ಬ್ಲಾಕ್‌ಔಟ್‌ನಲ್ಲಿ ಮಂಚ ಜಾಗ ತಪ್ಪುತ್ತಿದ್ದರೆ

ನಾಟಕದಲ್ಲಿ ದೃಶ್ಯ ಬದಲಿಸಲು ದೀಪ ಪೂರ್ತಿ ಆರಿಸಿದಾಗ (ಬ್ಲಾಕ್‌ಔಟ್) ಮಂಚ ಪ್ರತಿ ಸಲ ಒಂದಡಿ ಆಚೀಚೆ ಆಗಿ ನಟಿಯ ಮುಖಕ್ಕೆ ಲೈಟ್ ಸಿಗ್ತಿಲ್ಲ ಅಂದಿದ್ದೀರಿ. ಮಂಚ ಎತ್ತಿಡುವ ಹುಡುಗರ ಅವಸರ ಅಲ್ಲ ಅದು. ನೆಲದ ಮೇಲೆ ಗುರುತಿಲ್ಲ, ಜೊತೆಗೆ ಅವರು ವಿಂಗ್‌ನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ನಿಂತು ಬೆಳಕಿರುವ ರಂಗವನ್ನೇ ನೋಡ್ತಿರ್ತಾರೆ. ದೀಪ ಆರಿದೊಡನೆ ಕಣ್ಣಿಗೆ ಏನೂ ಕಾಣೋದಿಲ್ಲ.

ಲೈಟ್ ಫೋಕಸ್ ಮುಗಿದ ಮೇಲೆಯೇ ಮಂಚ ಇಟ್ಟು, ಹಿಂದಿನ ಎರಡು ಕಾಲುಗಳಿಗೆ ಮಾತ್ರ ಬಟ್ಟೆ ಟೇಪಿನಲ್ಲಿ ಮೂಲೆ ಗುರುತು ಹಾಕಿ. ದೃಶ್ಯಕ್ಕೊಂದು ಬಣ್ಣ. ಪ್ಯಾಕಿಂಗ್ ಟೇಪ್ ಬೇಡವೇ ಬೇಡ, ಅಂಟು ನೆಲದಲ್ಲೇ ಉಳಿದು ರಂಗಮಂದಿರದವರ ಹತ್ತಿರ ಬೈಸಿಕೊಳ್ಳೋದು ನೀವೇ.

ಪೂರ್ತಿ ಕತ್ತಲಾದರೆ ಗುರುತಿನ ಮೇಲೆ ಗ್ಲೋ ಟೇಪಿನ (ಕತ್ತಲಲ್ಲಿ ತಾನೇ ಹೊಳೆಯುವ ಟೇಪ್) ಚೂರು ಅಂಟಿಸಿ. ಅಂಗಡಿಯವರು ಗಾಡಿಗೆ ಹಚ್ಚುವ ರೇಡಿಯಂ ಸ್ಟಿಕ್ಕರ್ ಕೊಟ್ಟಾರು, ಹುಷಾರು: ಅದು ಮೇಲೆ ಬೆಳಕು ಬಿದ್ದರಷ್ಟೇ ಮಿನುಗುತ್ತೆ. ಗ್ಲೋ ಟೇಪಿಗೂ ಮೊದಲು ಬೆಳಕು ಕುಡಿಸಬೇಕು, ಹಾಗಾಗಿ ಆ ಜಾಗದ ಮೇಲೆ ಹಿಂದಿನ ದೃಶ್ಯದಲ್ಲಿ ಚಾಪೆಯೋ ಪರಿಕರವೋ ಕೂರದಂತೆ ನೋಡಿಕೊಳ್ಳಿ.

ಮಂಚ ಎತ್ತುವವರು ದೃಶ್ಯ ಮುಗಿಯಲು ಒಂದೆರಡು ನಿಮಿಷ ಇರುವಾಗಲೇ ರಂಗಕ್ಕೆ ಬೆನ್ನು ಹಾಕಿ ಒಂದು ಕಣ್ಣು ಮುಚ್ಚಿರಲಿ. ಕತ್ತಲಾದಾಗ ಆ ಕಣ್ಣು ಕೆಲಸಕ್ಕೆ ಬರುತ್ತೆ. ವಿಂಗ್‌ನಲ್ಲಿ ಮಂದವಾದ ನೀಲಿ ಬಲ್ಬ್ ಸಾಕು, ಮೊಬೈಲ್ ಟಾರ್ಚ್ ಯಾರೂ ಹಚ್ಚಬಾರದು.

ಮಂಚಕ್ಕೆ ಚಕ್ರ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ನನ್ನ ಊಹೆಯೇ ತಪ್ಪಿರಬಹುದು: ಸರಿಯಾಗಿ ಇಟ್ಟರೂ ನಟಿ ಕೂತಾಗ ಜಾರುತ್ತಿರಬಹುದು. ಮೊದಲು ಬ್ರೇಕ್ ಹಾಕಿಸಿ ನೋಡಿ. ಯಾರು ಯಾವ ತುದಿ ಹಿಡಿಯೋದು, ಯಾವ ವಿಂಗ್‌ನಿಂದ ಹೊರಗೆ ಅನ್ನೋದನ್ನ ಬೆಳಕಲ್ಲೇ ನಾಲ್ಕಾರು ಸಲ ಮಾಡಿಸಿ, ಆಮೇಲೆ ಕತ್ತಲಲ್ಲಿ.