ಓದುಗರ ಪ್ರಶ್ನೆ: ಮಿಕ್ಸರಿನ ಗುಂಡಿಯನ್ನು ವೋಲ್ಟೇಜ್ ತಿರುಗಿಸುವಾಗ

ಪ್ರಶ್ನೆ: ಬಿಡಿ ಘಟಕಗಳನ್ನು (ಮಾಡ್ಯೂಲ್) ತಂತಿಗಳಿಂದ ಜೋಡಿಸಿ ನುಡಿಸುವ ನನ್ನ ಯೂರೋರ್ಯಾಕ್ ಮಾಡ್ಯುಲರ್ ಸಿಂಥಸೈಸರಿಗೆ ನಾಲ್ಕು ಚಾನೆಲ್‌ಗಳ ವೋಲ್ಟೇಜ್ ನಿಯಂತ್ರಿತ ಮಿಕ್ಸರ್ ಒಂದನ್ನು ಸೇರಿಸಿದ್ದೇನೆ. ಒಂದೊಂದೇ ಚಾನೆಲ್ ಕೇಳಿದರೆ ದನಿ ಶುದ್ಧವಾಗಿದೆ, ನಾಲ್ಕೂ ಒಟ್ಟಿಗೆ ತೆರೆದರೆ ಒಡೆಯುತ್ತದೆ. ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಅಲೆಯನ್ನು ಕೊಡುವ ಘಟಕ) ಜೋಡಿಸಿದ ಚಾನೆಲ್ ಅರ್ಧ ಹೊತ್ತು ಮೌನವಾಗಿರುತ್ತದೆ. ಎನ್ವಲಪ್ (ಪ್ರತಿ ಸ್ವರಕ್ಕೂ ಒಮ್ಮೆ ಏರಿ ಇಳಿಯುವ ವೋಲ್ಟೇಜ್) ಜೋಡಿಸಿದ ಚಾನೆಲ್ ಮಾತ್ರ ಎಂದೂ ಪೂರ್ತಿ ಮುಚ್ಚುವುದಿಲ್ಲ. ಮಾಡ್ಯೂಲಿನಲ್ಲಿ ದೋಷವಿರಬಹುದೇ?

ಉತ್ತರ: ನೀವು ಹೇಳಿದ ಮೂರು ಲಕ್ಷಣಗಳೂ ಸುಸ್ಥಿತಿಯಲ್ಲಿರುವ ಮಿಕ್ಸರಿನಲ್ಲಿಯೇ ಕಾಣಿಸಿಕೊಳ್ಳುವಂಥವು. ಈ ಮಾಡ್ಯೂಲಿನೊಳಗೆ ಪ್ರತಿ ಚಾನೆಲ್‌ಗೂ ಒಂದೊಂದು ವಿಸಿಎ, ಅಂದರೆ ವೋಲ್ಟೇಜಿಗೆ ತಕ್ಕಂತೆ ದನಿಯ ಮಟ್ಟವನ್ನು ಏರಿಸಿ ಇಳಿಸುವ ಆಂಪ್ಲಿಫೈಯರ್, ಇರುತ್ತದೆ. ಅವುಗಳ ಹೊರಹರಿವನ್ನೆಲ್ಲ ಕೊನೆಯಲ್ಲಿ ಒಂದು ಸರ್ಕ್ಯೂಟ್ ಕೂಡಿಸುತ್ತದೆ. ಮೊದಲ ತೊಂದರೆಯಾದ ಒಡಕಿನ ಮೂಲ ಆ ಕೂಡಿಕೆಯಲ್ಲಿದೆ. ಯೂರೋರ್ಯಾಕ್‌ನಲ್ಲಿ ಆಸಿಲೇಟರಿನ, ಅಂದರೆ ದನಿಯನ್ನು ಹುಟ್ಟಿಸುವ ಘಟಕದ, ದನಿ ಸಾಮಾನ್ಯವಾಗಿ ಮೈನಸ್ 5ರಿಂದ ಪ್ಲಸ್ 5 ವೋಲ್ಟ್‌ವರೆಗೆ ಹೊಯ್ದಾಡುತ್ತದೆ. ಅಂಥ ನಾಲ್ಕು ದನಿಗಳ ಶಿಖರಗಳು ಒಂದೇ ಕ್ಷಣದಲ್ಲಿ ಕೂಡಿಬಂದರೆ ಮೊತ್ತ 20 ವೋಲ್ಟ್ ಆಗಬೇಕು. ಆದರೆ ಮಾಡ್ಯೂಲಿಗೆ ದೊರೆಯುವ ವಿದ್ಯುತ್ತೇ ಪ್ಲಸ್ ಮತ್ತು ಮೈನಸ್ 12 ವೋಲ್ಟ್ ಆಗಿರುವುದರಿಂದ ಅದನ್ನು ಮೀರುವ ಶಿಖರಗಳೆಲ್ಲ ಕತ್ತರಿಸಿಹೋಗುತ್ತವೆ. ನಿಮಗೆ ಕೇಳುತ್ತಿರುವ ಒಡಕು ಅದೇ. ಇದನ್ನು ಸರಿಪಡಿಸಲು ಕೊನೆಯ ಮಾಸ್ಟರ್ ಗುಂಡಿಯನ್ನು ಇಳಿಸಿದರೆ ಪ್ರಯೋಜನವಾಗದಿರಬಹುದು, ಏಕೆಂದರೆ ಆ ಗುಂಡಿ ಕೂಡಿಕೆಯ ನಂತರ ಬರುವುದಾದರೆ ಒಡೆದ ದನಿಯೇ ಸಣ್ಣದಾಗಿ ಕೇಳುತ್ತದೆ. ಪ್ರತಿ ಚಾನೆಲ್‌ನ ಒಳಬರುವ ಮಟ್ಟವನ್ನೇ ಅರ್ಧಕ್ಕೆ, ಎಂದರೆ 6 ಡೆಸಿಬೆಲ್‌ನಷ್ಟು, ಇಳಿಸಿ ಕೇಳಿ. ಸ್ವಲ್ಪ ಒಡಕು ಕೆಲವೊಮ್ಮೆ ಸಂಗೀತಕ್ಕೆ ಬೇಕಾದದ್ದೇ ಎಂದು ನಾನೂ ನಂಬುತ್ತೇನೆ, ಆದರೆ ಅದು ನೀವು ಆರಿಸಿಕೊಂಡದ್ದಾಗಿರಬೇಕು.

ಎಲ್‌ಎಫ್‌ಒದ ಮೌನಕ್ಕೆ ಕಾರಣ ಸರಳ. ಅದರ ಅಲೆಯೂ ಸೊನ್ನೆಯ ಮೇಲೆ ಅರ್ಧ ಹೊತ್ತು, ಕೆಳಗೆ ಅರ್ಧ ಹೊತ್ತು ಇರುತ್ತದೆ. ವಿಸಿಎ ಸೊನ್ನೆಗೇ ಮುಚ್ಚಿಕೊಳ್ಳುವುದರಿಂದ ಅದಕ್ಕಿಂತ ಕೆಳಗಿನದ್ದೆಲ್ಲ ಅದರ ಪಾಲಿಗೆ ಮೌನವೇ. ಆ ಅಲೆಗೆ 5 ವೋಲ್ಟ್ ಆಫ್‌ಸೆಟ್, ಅಂದರೆ ಬದಲಾಗದ ಒಂದು ವೋಲ್ಟೇಜ್, ಸೇರಿಸಿದರೆ ಇಡೀ ಅಲೆ ಸೊನ್ನೆಯ ಮೇಲಕ್ಕೆ ಬರುತ್ತದೆ. ಬಹಳಷ್ಟು ಮಿಕ್ಸರ್‌ಗಳಲ್ಲಿ ಚಾನೆಲ್‌ನ ಮಟ್ಟದ ಗುಂಡಿ ಇದೇ ಕೆಲಸವನ್ನು ಮಾಡುತ್ತದೆ, ಏಕೆಂದರೆ ಅದು ಒಳಬರುವ ನಿಯಂತ್ರಣ ವೋಲ್ಟೇಜಿಗೆ ತನ್ನದೊಂದು ಸ್ಥಿರ ವೋಲ್ಟೇಜನ್ನು ಕೂಡಿಸುತ್ತದೆ. ನಿಮ್ಮ ಮೂರನೆಯ ತೊಂದರೆಯ ಉತ್ತರವೂ ಇಲ್ಲಿಯೇ ಸಿಗುತ್ತದೆ: ಎನ್ವಲಪ್ ಸೊನ್ನೆಗೆ ಇಳಿದರೂ ಗುಂಡಿ ಸ್ವಲ್ಪ ತೆರೆದಿದ್ದರೆ ದನಿ ಸೋರುತ್ತಲೇ ಇರುತ್ತದೆ. ಎನ್ವಲಪ್ ಬಳಸುವ ಚಾನೆಲ್‌ನಲ್ಲಿ ಆ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿಡಿ.

ಪ್ರಶ್ನೆ: ಒಂದು ದನಿ ಕರಗುತ್ತಾ ಇನ್ನೊಂದು ಮೂಡಿಬರುವಂತೆ ಒಂದೇ ಎಲ್‌ಎಫ್‌ಒದಿಂದ ಮಾಡಿದ್ದೇನೆ. ನಡುವೆ ಮಾತ್ರ ಒಟ್ಟು ಸದ್ದು ಕುಗ್ಗಿದಂತೆ ಕೇಳುತ್ತದೆ, ಏಕೆ?

ಉತ್ತರ: ಒಂದು ಚಾನೆಲ್‌ಗೆ ಅಲೆಯನ್ನೂ ಮತ್ತೊಂದಕ್ಕೆ ಅದನ್ನೇ ತಲೆಕೆಳಗು ಮಾಡಿಯೂ ಕೊಟ್ಟಿದ್ದೀರಿ ಎಂದು ಭಾವಿಸುತ್ತೇನೆ. ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ವಿಸಿಎಗಳು ವೋಲ್ಟೇಜಿಗೆ ನೇರ ಅನುಪಾತದಲ್ಲಿ ಸ್ಪಂದಿಸುವ ಲೀನಿಯರ್ ಬಗೆಯವಾದರೆ ನಡುವಿನ ಹಂತದಲ್ಲಿ ಎರಡೂ ದನಿಗಳ ಅಲೆಗಳು ಅರ್ಧ ಎತ್ತರದಲ್ಲಿರುತ್ತವೆ. ಪರಸ್ಪರ ಸಂಬಂಧವಿಲ್ಲದ ದನಿಗಳಲ್ಲಿ ಕೂಡುವುದು ಅವುಗಳ ಶಕ್ತಿಯೇ ಹೊರತು ಎತ್ತರವಲ್ಲ, ಹಾಗಾಗಿ ಒಟ್ಟು ಮಟ್ಟ ಅಲ್ಲಿ 3 ಡೆಸಿಬೆಲ್ ಕುಗ್ಗುತ್ತದೆ. ಎರಡೂ ಚಾನೆಲ್‌ಗಳ ಆಫ್‌ಸೆಟ್ಟನ್ನು ಸ್ವಲ್ಪ ಏರಿಸಿ, ನಡುವೆ ಪ್ರತಿಯೊಂದೂ ಸುಮಾರು 0.7 ಪಟ್ಟು ತೆರೆದಿರುವಂತೆ ಮಾಡಿದರೆ ಆ ಕುಳಿ ತುಂಬುತ್ತದೆ. ಎಕ್ಸ್‌ಪೊನೆನ್ಷಿಯಲ್ ಬಗೆಯ, ಅಂದರೆ ವೋಲ್ಟೇಜ್ ಏರಿದಂತೆ ಇನ್ನಷ್ಟು ವೇಗವಾಗಿ ತೆರೆದುಕೊಳ್ಳುವ, ವಿಸಿಎ ಇದ್ದರೆ ಕುಳಿ ಇನ್ನೂ ಆಳವಾಗುವುದರಿಂದ ಈ ಕೆಲಸಕ್ಕೆ ಲೀನಿಯರ್ ಬಗೆಯನ್ನೇ ಆರಿಸಿಕೊಳ್ಳಿ. ನಿಮ್ಮ ಬಳಿ ಒಂದರಿಂದೊಂದು 90 ಡಿಗ್ರಿ ಹಿಂದೆ ಸಾಗುವ ನಾಲ್ಕು ಅಲೆಗಳನ್ನು ಕೊಡುವ ಎಲ್‌ಎಫ್‌ಒ ಇದ್ದರೆ ನಾಲ್ಕೂ ಚಾನೆಲ್‌ಗಳನ್ನು ಸರದಿಯಂತೆ ಮೂಡಿಸಿ ಮುಳುಗಿಸಬಹುದು. ದೀರ್ಘವಾದ ಡ್ರೋನ್‌ಗೆ, ಅಂದರೆ ಎಡೆಬಿಡದೆ ಮೊಳಗುವ ಸ್ವರಕ್ಕೆ, ಇದಕ್ಕಿಂತ ಹೆಚ್ಚು ಜೀವ ತುಂಬುವ ಜೋಡಣೆ ನನಗೆ ಕಂಡಿಲ್ಲ.

ಪ್ರಶ್ನೆ: ದನಿಯ ಬದಲು ನಿಯಂತ್ರಣ ವೋಲ್ಟೇಜ್‌ಗಳನ್ನೇ ಇದರಲ್ಲಿ ಬೆರೆಸಬಹುದೇ?

ಉತ್ತರ: ಸರ್ಕ್ಯೂಟ್ ಡಿಸಿ ವೋಲ್ಟೇಜನ್ನು, ಅಂದರೆ ಸ್ಥಿರವಾಗಿ ನಿಲ್ಲುವ ಅಥವಾ ತೀರ ನಿಧಾನವಾಗಿ ಬದಲಾಗುವ ವೋಲ್ಟೇಜನ್ನು, ತಡೆಯದೆ ಹಾಯಲು ಬಿಡುವಂತಿದ್ದರೆ ಖಂಡಿತ ಬೆರೆಸಬಹುದು; ಮಾಡ್ಯೂಲಿನ ಕೈಪಿಡಿಯಲ್ಲಿ ಅದನ್ನು ಹೇಳಿರುತ್ತಾರೆ. ಮೊದಲಿಗೆ ವೈಬ್ರಾಟೊ ಪ್ರಯತ್ನಿಸಿ: ವೇಗದ ಎಲ್‌ಎಫ್‌ಒವನ್ನು ಚಾನೆಲ್‌ನ ದನಿಯ ಒಳದಾರಿಗೆ, ನಿಧಾನವಾಗಿ ಏರುವ ಎನ್ವಲಪ್ಪನ್ನು ಅದೇ ಚಾನೆಲ್‌ನ ನಿಯಂತ್ರಣಕ್ಕೆ ಕೊಟ್ಟು, ಮಿಕ್ಸರಿನಿಂದ ಹೊರಬರುವುದನ್ನು ಬಹಳಷ್ಟು ತಗ್ಗಿಸಿ ಆಸಿಲೇಟರಿನ ಶ್ರುತಿಗೆ ಜೋಡಿಸಿ. ಸ್ವರ ಮೊದಲು ನೇರವಾಗಿ ನಿಂತು, ಆಮೇಲೆ ಮೆಲ್ಲಗೆ ಕಂಪಿಸತೊಡಗುತ್ತದೆ.