ಪುಸ್ತಕ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ

ಪಂಪ್‌ಸೆಟ್ ರಿಪೇರಿಯಲ್ಲೇ ಬದುಕು ಸವೆಸಿದ ಓದುಗರೊಬ್ಬರ ಪತ್ರ: ‘ಕೆಲಸದಲ್ಲಿ ಕಂಡದ್ದನ್ನೆಲ್ಲ ಪುಸ್ತಕ ಮಾಡಬೇಕೆಂಬ ಆಸೆ. ಮನೆಯಲ್ಲಿ ಹೇಳಿದರೆ, ಅದಕ್ಕೆ ಹುಟ್ಟಿನಿಂದ ಪ್ರತಿಭೆ ಬೇಕು ಅಂತ ನಗುತ್ತಾರೆ. ಎರಡು ಸಲ ಶುರು ಮಾಡಿ ಬಿಟ್ಟಿದ್ದೇನೆ. ನಮ್ಮಂಥ ಸಾಮಾನ್ಯರಿಂದ ಇದು ಆಗುವ ಮಾತೇ?’

ಉತ್ತರ: ಆಗುವ ಮಾತು. ಖಂಡಿತ ಆಗುವ ಮಾತು.

ಪ್ರತಿಭೆಯೇ ಬೇಡ ಎನ್ನುತ್ತಿಲ್ಲ. ಕೆಲವರಿಗೆ ಮಾತು ಹುಟ್ಟಾ ಒಲಿದಿರುತ್ತದೆ, ಬರೆದದ್ದೆಲ್ಲ ಅಚ್ಚಿಗೆ ಯೋಗ್ಯವೂ ಅಲ್ಲ. ಇಷ್ಟನ್ನು ನಿಮ್ಮ ಮನೆಯವರಿಗೆ ಬಿಟ್ಟುಕೊಡೋಣ. ಆದರೆ ನಿಮ್ಮದೇ ಪತ್ರದ ಎರಡನೆಯ ಪುಟವನ್ನು ಇನ್ನೊಮ್ಮೆ ಓದಿ. ಮೋಟಾರ್ ಸದ್ದು ಸರಿಯಾಗಿಯೇ ಇದೆ, ನೀರು ಮಾತ್ರ ಏರುತ್ತಿಲ್ಲ. ಮೋಟಾರೇ ಕೆಟ್ಟಿದೆ ಎಂದು ಮಾಲೀಕ ಹಟ ಹಿಡಿದಿದ್ದಾನೆ. ನೀವು ವಾದಕ್ಕಿಳಿಯದೆ ಪೈಪಿನ ತುಂಬ ನೀರು ಹೊಯ್ದು ಸುಮ್ಮನೆ ನಿಲ್ಲುತ್ತೀರಿ. ನೀರು ಮೆಲ್ಲಗೆ ಇಳಿದುಹೋಗುವುದನ್ನು ಅವನಿಗೇ ತೋರಿಸಿ, ಪೈಪಿನ ಬುಡದಲ್ಲಿ ನೀರು ಹಿಂದಕ್ಕಿಳಿಯದಂತೆ ತಡೆಯುವ ಫುಟ್‌ವಾಲ್ವ್‌ಗೆ ಕಡ್ಡಿ ಸಿಕ್ಕಿಕೊಂಡಿದೆ ಎನ್ನುತ್ತೀರಿ. ಇಬ್ಬರು ಮನುಷ್ಯರು, ಒಂದು ಜಗಳ, ಕೊನೆಯವರೆಗೂ ಬಚ್ಚಿಟ್ಟ ಉತ್ತರ. ಎಲ್ಲವೂ ಎಂಟೇ ಸಾಲಿನಲ್ಲಿ. ಅದೇ ಪತ್ರದ ಮೊದಲ ಪುಟದಲ್ಲಿ ‘ಜೀವನವೆಂಬ ಸಾಗರದಲ್ಲಿ ಈಜುತ್ತಾ’ ಎಂದು ಶುರು ಮಾಡಿದ್ದೀರಿ. ಅದು ಶಾಲೆಯ ಪ್ರಬಂಧದ ಪಳೆಯುಳಿಕೆ. ಬರಹಗಾರನಂತೆ ಕಾಣಬೇಕೆಂದು ಹೊರಟಲ್ಲಿ ಸೋತಿದ್ದೀರಿ, ಮೆಕ್ಯಾನಿಕ್ ಆಗಿಯೇ ಉಳಿದಲ್ಲಿ ಗೆದ್ದಿದ್ದೀರಿ. ನಿಮ್ಮ ಮೇಲೆ ನನಗಿರುವ ಸಿಟ್ಟು ಇದೊಂದೇ.

ದುಡಿಯುವ ಕೈಗೂ ಬರೆಯುವ ಕೈಗೂ ಸಂಬಂಧವಿಲ್ಲ ಎನ್ನುವವರಿಗೆ ಕನ್ನಡದಲ್ಲಿ ನಿಲ್ಲಲು ಜಾಗವೇ ಇಲ್ಲ. 12ನೇ ಶತಮಾನದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಕಾಯಕದ ಲಕ್ಕಮ್ಮ ಯಾವ ಪಂಡಿತರ ಅಪ್ಪಣೆ ಕೇಳಿದರು? 19ನೇ ಶತಮಾನದ ಬಂಗಾಳದಲ್ಲಿ ರಾಸಸುಂದರಿ ದೇವಿ ಮನೆಗೆಲಸದ ನಡುವೆ ಕದ್ದುಮುಚ್ಚಿ ಅಕ್ಷರ ಕಲಿತು ಆತ್ಮಕಥೆ ಬರೆದರು. ಬ್ರೆಜಿಲ್‌ನ ಕರೊಲಿನಾ ಮರಿಯಾ ದೆ ಜೆಸೂಸ್ ಓದಿದ್ದು ಎರಡೇ ವರ್ಷ. ಸಾವೊ ಪೌಲೊದ ಕೊಳೆಗೇರಿಯಲ್ಲಿದ್ದು, ರದ್ದಿ ಆಯ್ದು ಮಾರುತ್ತ ಮಕ್ಕಳನ್ನು ಸಾಕುತ್ತಿದ್ದರು. ಕಸದಲ್ಲಿ ಸಿಕ್ಕ ನೋಟ್‌ಪುಸ್ತಕಗಳಲ್ಲೇ ದಿನಚರಿ ಬರೆದರು. 1960ರಲ್ಲಿ ಅದು ಪುಸ್ತಕವಾಗಿ ಬಂದು ಹಲವು ಭಾಷೆಗಳಿಗೆ ಹೋಯಿತು.

ಹಾಗಾದರೆ ನೀವು ಎರಡು ಸಲ ಬಿಟ್ಟದ್ದೇಕೆ? ಸಾಮರ್ಥ್ಯ ಸಾಲದೆ ಅಲ್ಲ, ಲೆಕ್ಕ ಹಾಕದೆ. ಇಂಗ್ಲೆಂಡಿನ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದಾಗಲೇ ಬೆಳಗಿನ ಜಾವ ಎದ್ದು, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಅವನ ಕಾದಂಬರಿಗಳು 47. ನಿಮಗೆ ಆ ವೇಗ ಬೇಕಿಲ್ಲ. ಸಾಮಾನ್ಯ ಅಳತೆಯ ಪುಸ್ತಕದ ಒಂದು ಪುಟಕ್ಕೆ ಸುಮಾರು 220 ಪದ ಹಿಡಿಸುತ್ತದೆ. 160 ಪುಟಕ್ಕೆ 35,000 ಪದ. ದಿನಕ್ಕೆ 200ರಂತೆ ವಾರಕ್ಕೆ ಐದು ದಿನ ಬರೆದರೆ 35 ವಾರ, ಅಂದರೆ ಎಂಟು ತಿಂಗಳು. 200 ಪದ ಎಂದರೆ ಕೈಬರಹದಲ್ಲಿ ಒಂದೂವರೆ ಪುಟ.

ಆದರೆ ಬರೆಯಲು ಕೂರುವ ಮೊದಲು ಚೀಟಿ ಮಾಡಿಕೊಳ್ಳಿ. ಒಂದು ಚೀಟಿಗೆ ಒಂದೇ ಘಟನೆ, ಒಂದೇ ಸಾಲು: ‘ನೀರಿಳಿದ ಪೈಪು, ಹಟಮಾರಿ ಮಾಲೀಕ’. ಇಂಥ 60 ಚೀಟಿ ಆಗುವವರೆಗೆ ಪುಸ್ತಕಕ್ಕೆ ಕೈ ಹಾಕಬೇಡಿ. ಒಂದೊಂದು ಚೀಟಿ 600 ಪದವಾದರೂ ಪುಸ್ತಕ ತುಂಬುತ್ತದೆ. ಮೂರನೆಯ ಅಧ್ಯಾಯಕ್ಕೇ ಸರಕು ಮುಗಿದು ಕೈಬಿಡುವವರು ಈ ಕೆಲಸ ಮಾಡಿರುವುದಿಲ್ಲ. ಚೀಟಿಗಳನ್ನು ನೆಲದ ಮೇಲೆ ಹರಡಿ, ಜೋಡಿಸಿ, ಮತ್ತೆ ಕದಲಿಸಿ. ಹುಟ್ಟಿದ ಊರು, ವಂಶಾವಳಿಯಿಂದ ಶುರು ಮಾಡಬೇಡಿ. ಓದುಗನಿಗೆ ನಿಮ್ಮ ಮೇಲೆ ಕುತೂಹಲ ಹುಟ್ಟುವ ಮೊದಲು ನಿಮ್ಮ ಅಜ್ಜನ ಹೆಸರು ಕಟ್ಟಿಕೊಂಡು ಅವನಿಗೇನಾಗಬೇಕು? ಮುನ್ನುಡಿ ಎಲ್ಲಕ್ಕಿಂತ ಕೊನೆಗೆ.

ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಆಮೇಲೆ ಕತ್ತರಿಸಿ ಸ್ಥಳ ಬದಲಿಸಬಹುದು. ನಿನ್ನೆ ಬರೆದದ್ದರಲ್ಲಿ ಕೊನೆಯ ಪ್ಯಾರಾ ಮಾತ್ರ ಓದಿ ಮುಂದುವರಿಯಿರಿ. ಮೊದಲ ಅಧ್ಯಾಯವನ್ನೇ ತಿದ್ದಿ ತೀಡಿ ವರ್ಷ ಕಳೆದವರ ಹಸ್ತಪ್ರತಿಗೆ ಎರಡನೆಯ ಅಧ್ಯಾಯ ಬರುವುದೇ ಇಲ್ಲ. ಮುಂದಿನ ಮಾತು ಏನೆಂದು ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಿ, ಮರುದಿನ ತಡಕಾಡಬೇಕಾಗುವುದಿಲ್ಲ. ‘ಬಹಳ ಕಷ್ಟಪಟ್ಟೆ’ ಎಂದು ಬರೆದಲ್ಲೆಲ್ಲ ಅಡಿಗೆರೆ ಎಳೆದಿಡಿ. ಎರಡನೆಯ ಸುತ್ತಿನಲ್ಲಿ ಅಲ್ಲಿ ಆ ದಿನ ಏನಾಯಿತು, ಯಾರು ಏನೆಂದರು ಎಂಬುದು ಬರಬೇಕು.

ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯ ಒಡೆಯಿರಿ. ಬಹುತೇಕ ಅಧ್ಯಾಯಗಳ ಮೊದಲ ಪ್ಯಾರಾ ಪೀಠಿಕೆಯಷ್ಟೇ ಆಗಿರುತ್ತದೆ, ಧೈರ್ಯವಾಗಿ ಹೊಡೆದುಹಾಕಿ. ನಿಮ್ಮ ಕಸುಬಿನವರೊಬ್ಬರಿಗೆ, ಪಂಪನ್ನೇ ಬಿಚ್ಚಿ ನೋಡದವರೊಬ್ಬರಿಗೆ ಓದಲು ಕೊಡಿ. ‘ಹೇಗಿದೆ’ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ‘ಎಲ್ಲಿ ಓದು ನಿಲ್ಲಿಸಿದಿರಿ’ ಎಂದು ಕೇಳಿ. ಇಬ್ಬರೂ ಒಂದೇ ಕಡೆ ನಿಲ್ಲಿಸಿದ್ದರೆ ದೋಷ ಅಲ್ಲಿದೆ.

ಇಷ್ಟೆಲ್ಲ ಹೇಳಿಕೊಡಬಹುದಾದ ಕೆಲಸವನ್ನು ನಾವು ದೈವಕೃಪೆ ಎಂದು ಸಾರುತ್ತ ಬಂದಿದ್ದೇವೆ. ಮಕ್ಕಳಿಗೆ ಕಂಡದ್ದನ್ನು ಬರೆಯಲು ಹೇಳದೆ ಗಾದೆ ವಿಸ್ತರಿಸಲು ಹೇಳಿದೆವು. ಬರೆದವರ ಆಡುಮಾತನ್ನು ನಮ್ಮ ಸಂಪಾದಕರ ಕುಲವೇ ತಪ್ಪೆಂದು ತಿದ್ದಿ ಒಣ ಕನ್ನಡ ಮಾಡಿತು. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಬರೆದವರ ಬಗ್ಗೆ ಐದು ನಿಮಿಷ, ಹಾರ ಹಾಕಿಸಿಕೊಂಡವರ ಬಗ್ಗೆ ಒಂದು ಗಂಟೆ. ಇದನ್ನೆಲ್ಲ ನೋಡಿದ ಮೆಕ್ಯಾನಿಕ್, ನರ್ಸ್, ಕಂಡಕ್ಟರ್ ಬಾಯಿ ಮುಚ್ಚಿಕೊಂಡರು. ಅವರಷ್ಟೇ ಬಲ್ಲ ಸಂಗತಿಗಳು ಅವರೊಂದಿಗೇ ಹೋದವು. ಪ್ರತಿಭೆ ಇಲ್ಲದವರು ಬರೆದು ಸಾಹಿತ್ಯ ಕೆಟ್ಟಿತೆಂದು ಕೊರಗುವವರಿಗೆ ಈ ನಷ್ಟ ಮಾತ್ರ ಕಾಣುವುದಿಲ್ಲ.

ಈಗ ಇನ್ನೊಂದು ಪಿಡುಗು ಬಂದಿದೆ: ಸಾಮಾನ್ಯರ ಆಸೆಯನ್ನೇ ಬಂಡವಾಳ ಮಾಡಿಕೊಂಡ ಪ್ರಕಾಶಕರು. ಅವರು ಹಸ್ತಪ್ರತಿ ಓದುವ ಮೊದಲೇ ಹೊಗಳುತ್ತಾರೆ, ಆಮೇಲೆ ಖರ್ಚು ನಿಮ್ಮದು ಎನ್ನುತ್ತಾರೆ. ಸ್ವಂತ ಹಣದಲ್ಲಿ ಅಚ್ಚು ಹಾಕಿಸುವುದು ತಪ್ಪಲ್ಲ. ಆದರೆ ಎಷ್ಟು ಪ್ರತಿ, ಕರಡು ತಿದ್ದುವವರು ಯಾರು, ಮಾರುವವರು ಯಾರು, ಹಕ್ಕು ಯಾರಲ್ಲಿ ಉಳಿಯುತ್ತದೆ ಎಂಬುದನ್ನು ಬರಹದಲ್ಲಿ ಪಡೆಯದೆ ದುಡ್ಡು ಕೊಡಬೇಡಿ. ಹಸ್ತಪ್ರತಿಯ ಒಂದು ಪ್ರತಿ ಇಟ್ಟುಕೊಳ್ಳದೆ ಯಾರಿಗೂ ಕಳಿಸಬೇಡಿ, ನಮಗೂ ಕೂಡ.