ಕೀಲು ಸರಿಹೋಯಿತು, ಸಂಜೆಯಾದರೆ ಅಳು ಬರುತ್ತದೆ

ಪ್ರಶ್ನೆ: ನನಗೆ 66 ವರ್ಷ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯವಳು. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದೆ. ಸವೆದುಹೋಗಿದ್ದ ಬಲಗಡೆಯ ಸೊಂಟದ ಕೀಲನ್ನು ಐದು ವಾರದ ಹಿಂದೆ ಬದಲಾಯಿಸಿದ್ದಾರೆ. ಎಕ್ಸ್‌ರೇ ನೋಡಿದ ಡಾಕ್ಟರು ‘ತುಂಬಾ ಚೆನ್ನಾಗಿ ಕೂತಿದೆ’ ಎಂದರು. ಮೊದಲಿನ ಆ ಜೀವ ಹಿಂಡುವ ನೋವೂ ಇಲ್ಲ. ಆದರೆ ಸುಮಾರು ಹತ್ತು ದಿನದಿಂದ ದೀಪ ಹಚ್ಚುವ ಹೊತ್ತಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಅಂಗಾತ ಮಲಗಿ ಮಲಗಿ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ. ಕಮೋಡಿಗೆ ಹೋಗಬೇಕೆಂದರೂ ಸೊಸೆಯನ್ನು ಕೂಗಬೇಕು. ಹೊರಗೆ ಬಿಡದ ಮಳೆ. ಮಗ ಅಷ್ಟು ದುಡ್ಡು ಹಾಕಿ ಮಾಡಿಸಿದ್ದಾನೆ, ಅವನೆದುರು ಅಳಲು ನಾಚಿಕೆ. ನನಗೆ ಯಾಕೆ ಹೀಗಾಗುತ್ತಿದೆ?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮಗ ದುಡ್ಡು ಖರ್ಚು ಮಾಡಿದ್ದಾನೆ, ಡಾಕ್ಟರು ಚೆನ್ನಾಗಿದೆ ಎಂದಿದ್ದಾರೆ, ಆದ್ದರಿಂದ ನಾನು ಖುಷಿಯಾಗಿರಲೇಬೇಕು ಎಂಬ ಒಂದು ಲೆಕ್ಕ ನಿಮ್ಮ ತಲೆಯಲ್ಲಿದೆ. ಅಳು ಒಂದು ಭಾರವಾದರೆ, ಅಳುತ್ತಿದ್ದೇನಲ್ಲಾ ಎಂಬ ನಾಚಿಕೆ ಅದರ ಮೇಲೆ ಇನ್ನೊಂದು ಭಾರ. ದಯವಿಟ್ಟು ಆ ಎರಡನೆಯದನ್ನು ಇವತ್ತೇ ಇಳಿಸಿಬಿಡಿ. ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಮನಸ್ಸು ಕುಗ್ಗುವುದು ತೀರಾ ಸಾಮಾನ್ಯ. ಗಾಯದಲ್ಲಿ ನೀರು ಬಂದರೆ ಡಾಕ್ಟರಿಗೆ ಹೇಳುತ್ತೀರಲ್ಲ, ಇದನ್ನೂ ಹಾಗೆಯೇ ಹೇಳಬೇಕು.

ನಾಲ್ಕು-ಐದನೇ ವಾರ ಎಂಥದ್ದು ಎಂದು ಈ ದಾರಿಯಲ್ಲಿ ನಡೆದವರಿಗೇ ಗೊತ್ತು. ಮೊದಲ ವಾರಗಳಲ್ಲಿ ಮನೆ ತುಂಬ ಜನ, ಹಣ್ಣು ಹಿಡಿದು ಬರುವ ನೆಂಟರು, ‘ಇವತ್ತು ವಾಕರ್ ಹಿಡಿದು ನಿಂತೆ’ ಎಂಬ ದಿನಕ್ಕೊಂದು ಸುದ್ದಿ. ಆಮೇಲೆ ನೋಡಲು ಬರುವವರು ಕಡಿಮೆಯಾಗುತ್ತಾರೆ. ಚೇತರಿಕೆ ನಿಂತಿರುವುದಿಲ್ಲ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗುತ್ತದೆ. ಹೆಚ್ಚಿನವರಿಗೆ ದಿನನಿತ್ಯದ ಕೆಲಸಗಳು ಹದಕ್ಕೆ ಬರಲು ಮೂರು ತಿಂಗಳಾದರೂ ಬೇಕು. ಕಾಲಿನ ಬಲ ಒಂದು ವರ್ಷದವರೆಗೂ ಹೆಚ್ಚುತ್ತಲೇ ಹೋಗುತ್ತದೆ. ಐದನೇ ವಾರದಲ್ಲಿ ನೀವು ಇನ್ನೂ ದಾರಿಯ ಆರಂಭದಲ್ಲೇ ಇದ್ದೀರಿ. ‘ಪಕ್ಕದೂರಿನವರು ಮೂರೇ ವಾರಕ್ಕೆ ಓಡಾಡಿದರಂತೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅವರ ಮೂಳೆ ಬೇರೆ, ವಯಸ್ಸು ಬೇರೆ, ಸ್ನಾಯುಗಳ ಸ್ಥಿತಿ ಬೇರೆ.

ಇದೆಲ್ಲವನ್ನೂ ಮನಸ್ಸಿನ ತಲೆಗೇ ಕಟ್ಟುವ ಮೊದಲು ದೇಹವನ್ನೊಮ್ಮೆ ನೋಡಬೇಕು. ಈ ಆಪರೇಷನ್‌ನಲ್ಲಿ ರಕ್ತ ಹೋಗುತ್ತದೆ. ಹಿಮೋಗ್ಲೋಬಿನ್ ಇಳಿದಿದ್ದರೆ ಸುಸ್ತು, ಬೇಸರ, ಯಾವುದೂ ಬೇಡವೆನ್ನಿಸುವುದು ಎಲ್ಲವೂ ಬರುತ್ತವೆ. ಡಿಸ್ಚಾರ್ಜ್ ಆದ ಮೇಲೆ ಒಮ್ಮೆಯಾದರೂ ರಕ್ತ ಪರೀಕ್ಷೆ ಆಗಿದೆಯೇ? ಇಲ್ಲವಾದರೆ ಮಾಡಿಸಿ. ಅದೇ ರಕ್ತದಲ್ಲಿ ಥೈರಾಯ್ಡ್, ವಿಟಮಿನ್ ಬಿ12, ವಿಟಮಿನ್ ಡಿ ನೋಡಿಸಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ನೀವು ಸಸ್ಯಾಹಾರಿಯಾಗಿದ್ದರೆ ಬಿ12 ಬಗ್ಗೆ ಖಂಡಿತ ಕೇಳಿ.

ಮಾತ್ರೆಗಳ ಚೀಟಿಯನ್ನೂ ತೆಗೆದು ನೋಡಿ. ಅದರಲ್ಲಿ ಟ್ರಮಡಾಲ್ ಇದೆಯೇ? ನೋವಿಗೆ ಒಳ್ಳೆಯ ಔಷಧವೇ, ಆದರೆ ಕೆಲವರಿಗೆ ಮಂಪರು, ವಾಕರಿಕೆ, ಮಲಬದ್ಧತೆ ತರುತ್ತದೆ. ಮೂರು ದಿನ ಹೊಟ್ಟೆ ಕಟ್ಟಿಕೊಂಡರೆ ಯಾರಿಗೆ ತಾನೇ ಊಟ ಸೇರೀತು? ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರ ಸಲಹೆಯಂತೆ ಕಡಿಮೆ ಮಾಡುತ್ತಾ ಬನ್ನಿ. ಇನ್ನೊಂದು ಮಾತು, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ: ಮೊದಲೇ ಖಿನ್ನತೆಗೋ ಆತಂಕಕ್ಕೋ ಮಾತ್ರೆ ನುಂಗುತ್ತಿದ್ದವರದು ಆಸ್ಪತ್ರೆಯ ಗಡಿಬಿಡಿಯಲ್ಲಿ ನಿಂತುಹೋಗಿರುತ್ತದೆ, ಯಾರ ಗಮನಕ್ಕೂ ಬಂದಿರುವುದಿಲ್ಲ. ನಿಮಗೆ ಹಾಗೇನಾದರೂ ಇದ್ದರೆ ಮನೆಯಲ್ಲಿ ಉಳಿದ ಹಳೆಯ ಮಾತ್ರೆಯನ್ನು ತಾವಾಗಿಯೇ ಶುರು ಮಾಡಬೇಡಿ. ಅಂಥ ಕೆಲವು ಮಾತ್ರೆಗಳು ಟ್ರಮಡಾಲ್ ಜೊತೆಗೂ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧದ ಜೊತೆಗೂ ಹೊಂದುವುದಿಲ್ಲ.

ನಿದ್ದೆಯ ಮಾತು. ಜೀವಮಾನವಿಡೀ ಮಗ್ಗುಲಾಗಿ ಮಲಗಿದವರಿಗೆ ಅಂಗಾತ ಮಲಗುವುದೇ ಒಂದು ಶಿಕ್ಷೆ. ಕಾಲುಗಳ ನಡುವೆ ದಿಂಬಿಟ್ಟುಕೊಂಡು ಮಗ್ಗುಲಾಗಬಹುದೇ, ಯಾವಾಗಿನಿಂದ ಎಂದು ನಿಮ್ಮ ಸರ್ಜನ್ ಹತ್ತಿರ ಕೇಳಿ. ಕೆಲವರು ಬೇಗ ಒಪ್ಪುತ್ತಾರೆ, ಕೆಲವರು ಕಾಯಲು ಹೇಳುತ್ತಾರೆ. ಕೀಲನ್ನು ಯಾವ ಕಡೆಯಿಂದ ಕೊಯ್ದು ಹಾಕಿದ್ದಾರೆ ಎಂಬುದರ ಮೇಲೂ ಅದು ನಿಂತಿದೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಕೊನೆಯ ಕಾಫಿ ಮೂರು ಗಂಟೆಯೊಳಗೆ ಮುಗಿಯಲಿ.

ಈಗ, ನನಗೆ ಮುಖ್ಯವೆನಿಸಿದ್ದು. ನಿಮ್ಮ ಪತ್ರದಲ್ಲಿ ನೀವು ಮಾಡುವ ಕೆಲಸ ಒಂದೂ ಇಲ್ಲ, ಬೇರೆಯವರು ನಿಮಗೆ ಮಾಡುವುದಷ್ಟೇ ಇದೆ. ಮೂವತ್ತು ನಲವತ್ತು ಮಕ್ಕಳ ತರಗತಿಯನ್ನು ಸಂಭಾಳಿಸಿದವರು ನೀವು. ಬೆಳಿಗ್ಗೆ ಎದ್ದು ಹೊಸಿಲಿಗೆ ರಂಗೋಲಿ, ಮಣೆ ಹಾಕಿಕೊಂಡು ಪೂಜೆ, ಅಡುಗೆಮನೆಯ ಯಜಮಾನಿಕೆ ಎಲ್ಲವೂ ಇದ್ದಿರಬೇಕು. ನೆಲಕ್ಕೆ ಕೂರಬೇಡಿ, ಬಗ್ಗಬೇಡಿ, ಚಕ್ಕಳಮಕ್ಕಳ ಹಾಕಬೇಡಿ ಎಂದು ಹೇಳಿದ ದಿನವೇ ಇದೆಲ್ಲ ನಿಮ್ಮ ಕೈಬಿಟ್ಟಿದೆ. ನಮ್ಮ ಮನೆಗಳಲ್ಲಿ ಹೆಂಗಸರ ಬದುಕು ನೆಲದ ಮೇಲೇ ನಡೆಯುತ್ತದೆ. ಆ ನಿರ್ಬಂಧದಿಂದ ಮನಸ್ಸಿಗಾಗುವ ನಷ್ಟವನ್ನು ನಾವು ವೈದ್ಯರು ಸಾಕಷ್ಟು ಗಮನಿಸುವುದಿಲ್ಲ.

ಅದಕ್ಕೇ ಕೆಲಸವನ್ನು ನೆಲದಿಂದ ಮೇಜಿನ ಮೇಲಕ್ಕೆ ತನ್ನಿ. ದೇವರ ಫೋಟೋ, ದೀಪವನ್ನು ಎದೆಯೆತ್ತರದ ಸ್ಟ್ಯಾಂಡಿಗೆ ಏರಿಸಲು ಹೇಳಿ, ಗಟ್ಟಿಯಾದ ಎತ್ತರದ ಕುರ್ಚಿಯಲ್ಲಿ ಕೂತು ಪೂಜೆ ಮಾಡಿ. ಕೂತಾಗ ಮಂಡಿ ಸೊಂಟಕ್ಕಿಂತ ತಗ್ಗಿನಲ್ಲಿರಲಿ. ಬೀನ್ಸ್ ಹೆಚ್ಚುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು, ನಾಳೆ ಏನು ಅಡುಗೆ ಎಂದು ತೀರ್ಮಾನಿಸುವುದು ಇಂದಿನಿಂದ ನಿಮ್ಮ ಪಾಲು. ನಿಮ್ಮ ಅಳು ಬರುವ ಹೊತ್ತು ಸಂಜೆ ಆರು. ಆ ಹೊತ್ತಿಗೇ ಅಕ್ಕಪಕ್ಕದ ಒಂದಿಬ್ಬರು ಮಕ್ಕಳನ್ನು ಮಗ್ಗಿ ಹೇಳಿಸಲು ಕರೆಯಿರಿ. ಮನಸ್ಸು ಸರಿಹೋದ ಮೇಲೆ ಮಾಡೋಣ ಎಂದು ಕಾಯಬೇಡಿ. ಕೆಲಸ ಮೊದಲು, ಉತ್ಸಾಹ ಅದರ ಹಿಂದೆ ಬರುತ್ತದೆ. ಇದು ಖಿನ್ನತೆಯ ಚಿಕಿತ್ಸೆಯಲ್ಲಿ ನಾವು ನಿಜವಾಗಿ ಬಳಸುವ ಕ್ರಮ.

ಮಳೆಗಾಲದಲ್ಲಿ ಅಂಗಳಕ್ಕಿಳಿಯಬೇಡಿ, ಪಾಚಿ ಜಾರುತ್ತದೆ. ಜಗಲಿಯಲ್ಲೇ ಈ ತುದಿಯಿಂದ ಆ ತುದಿಗೆ ನಡೆಯಿರಿ, ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಸ್ವಲ್ಪ ಸ್ವಲ್ಪ. ಬೆಳಗಿನ ಸಲ ಬೆಳಕು ಮುಖಕ್ಕೆ ಬೀಳುವ ಕಡೆ ಇರಲಿ. ಎಷ್ಟು ಸುತ್ತು ಹಾಕಿದಿರಿ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಹದಿನೈದು ದಿನದ ಹಿಂದಿನ ಅಂಕಿ ನೋಡಿದಾಗ, ಕಣ್ಣಿಗೆ ಕಾಣದ ಚೇತರಿಕೆ ಕಾಣುತ್ತದೆ. ಬೀಳುವ ಭಯದಿಂದ ನಡೆಯಲು ಹಿಂಜರಿಯುತ್ತಿದ್ದರೆ ಅದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಬಾಯಿಬಿಟ್ಟು ಹೇಳಿ. ಅವರು ಜೊತೆಗೆ ನಿಂತು ನಡೆಸುತ್ತಾರೆ.

ಸೊಸೆಯ ವಿಷಯ. ನೀವು ಕೂಗಿದಾಗಲೆಲ್ಲ ಸಂಕೋಚಪಡುತ್ತೀರಿ, ಅತ್ತೆ ಯಾಕೋ ಮುಖ ಗಂಟಿಕ್ಕಿಕೊಂಡಿದ್ದಾರೆ ಎಂದು ಬಹುಶಃ ಆಕೆ ಅಂದುಕೊಳ್ಳುತ್ತಿರಬಹುದು. ‘ನಿನಗೆ ತೊಂದರೆ ಕೊಡಬೇಕಲ್ಲಾ ಎಂದು ಸಂಕಟವಾಗುತ್ತದೆ ಕಣಮ್ಮ’ ಎಂದು ಒಮ್ಮೆ ಹೇಳಿಬಿಡಿ. ಕಮೋಡಿಗೆ ಎತ್ತರದ ಸೀಟು, ಗೋಡೆಗೆ ಹಿಡಿಕೆ ಹಾಕಿಸಿದರೆ ಫಿಸಿಯೋ ಕಲಿಸಿದಂತೆ ಒಬ್ಬರೇ ಹೋಗಿಬರಲು ಬೇಗ ಸಾಧ್ಯವಾಗುತ್ತದೆ. ಮಗನಿಗೂ ಈ ಪತ್ರ ಓದಲು ಕೊಡಿ. ಮನೆಯವರಲ್ಲಿ ನನ್ನ ವಿನಂತಿ: ‘ಧೈರ್ಯ ತಗೊಳ್ಳಿ’ ಎನ್ನುವುದನ್ನು ಬಿಟ್ಟು ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿ.

ಹತ್ತು ದಿನದಿಂದ ಎಂದು ಬರೆದಿದ್ದೀರಿ. ದಿನದ ಬಹುಪಾಲು ಬೇಸರ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿಯಿಲ್ಲ ಎಂಬ ಸ್ಥಿತಿ ಎರಡು ವಾರ ದಾಟಿದರೆ ಅದನ್ನು ಖಿನ್ನತೆ ಎಂದೇ ಪರೀಕ್ಷಿಸಬೇಕು. ವ್ಯಾಯಾಮ ಬಿಟ್ಟುಬಿಡುವಷ್ಟು ಬೇಸರವಿದ್ದರೆ ಎರಡು ವಾರವೂ ಕಾಯಬೇಡಿ, ಕೀಲಿನ ಚೇತರಿಕೆಗೇ ಪೆಟ್ಟು ಬೀಳುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೆಯಿಂದಲೇ ಮಾತಾಡಬೇಕೆಂದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ‘ಬದುಕಿದ್ದು ಏನು ಪ್ರಯೋಜನ’ ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ ಅದೇ ದಿನ ಮನೆಯವರಿಗೆ ಹೇಳಿ, ಅಲ್ಲಿಗೆ ಕರೆ ಮಾಡಿ.

ಮೀನಖಂಡದಲ್ಲಿ ಊತ ಮತ್ತು ನೋವು, ಉಬ್ಬಸ, ಎದೆನೋವು, ಜ್ವರ, ಗಾಯದಿಂದ ಕೀವು, ಇದ್ದಕ್ಕಿದ್ದಂತೆ ಕಾಲೂರಲಾಗದ ನೋವು ಇವುಗಳಲ್ಲಿ ಯಾವುದು ಬಂದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಇವು ಮನಸ್ಸಿಗೆ ಸಂಬಂಧಿಸಿದ್ದಲ್ಲ.

ಪ್ರಶ್ನೆ: ನಮ್ಮ ತಂದೆಗೆ 78. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಮೂರು ದಿನ. ಇನ್ನೂ ಆಸ್ಪತ್ರೆಯಲ್ಲೇ ಇದ್ದೇವೆ. ಹಗಲು ಮಂಕಾಗಿರುತ್ತಾರೆ, ರಾತ್ರಿ ಏನೇನೋ ಬಡಬಡಿಸುತ್ತಾರೆ, ನನ್ನನ್ನೇ ಗುರುತಿಸಲಿಲ್ಲ. ಇದೂ ಖಿನ್ನತೆಯೇ?

ಉತ್ತರ: ಅಲ್ಲ. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರಲ್ಲ, ಇದು ಆ ಬಗೆಯದು. ವಯಸ್ಸಾದವರಲ್ಲಿ, ಅದರಲ್ಲೂ ಮೂಳೆ ಮುರಿದು ಆಪರೇಷನ್ ಆದವರಲ್ಲಿ ಇದು ಬರುವುದುಂಟು. ಹುಚ್ಚಲ್ಲ, ಹೆದರಬೇಡಿ. ಆದರೆ ಇದರ ಹಿಂದೆ ಮೂತ್ರದ ಸೋಂಕು, ಮೂತ್ರ ಕಟ್ಟಿಕೊಂಡಿರುವುದು, ಸೋಡಿಯಂ ಇಳಿದಿರುವುದು, ತಡೆಯಲಾಗದ ನೋವು, ಯಾವುದೋ ಔಷಧದ ಪರಿಣಾಮ ಇರಬಹುದು. ಆದ್ದರಿಂದ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಈಗಲೇ ಸಿಸ್ಟರ್‌ಗೆ ಹೇಳಿ. ತಂದೆಯವರು ದಿನಾ ಮದ್ಯ ಸೇವಿಸುತ್ತಿದ್ದರೆ ಮುಚ್ಚಿಡಬೇಡಿ. ಕುಡಿತ ಒಮ್ಮೆಲೇ ನಿಂತುಹೋದಾಗಲೂ ಹೀಗಾಗುತ್ತದೆ, ಅದರ ಚಿಕಿತ್ಸೆ ಬೇರೆ.

ನೀವು ಮಾಡಬೇಕಾದ್ದು ಇಷ್ಟು. ಕನ್ನಡಕ, ಕಿವಿಯ ಮೆಷಿನ್ ಮನೆಯಲ್ಲಿ ಉಳಿದಿದ್ದರೆ ತರಿಸಿ ಹಾಕಿ. ಹಗಲು ಕಿಟಕಿಯ ಪರದೆ ಸರಿಸಿ, ರಾತ್ರಿ ಸಣ್ಣ ದೀಪ ಉರಿಯಲಿ. ಪರಿಚಯದ ಮುಖವೊಂದು ಸದಾ ಪಕ್ಕದಲ್ಲಿರಲಿ. ‘ಅಪ್ಪಾ, ನಾನು ನಿಮ್ಮ ಮಗ, ನಾವು ಆಸ್ಪತ್ರೆಯಲ್ಲಿದ್ದೇವೆ, ಇವತ್ತು ಸೋಮವಾರ’ ಎಂದು ನಿಧಾನವಾಗಿ ಹೇಳುತ್ತಿರಿ, ವಾದಕ್ಕಿಳಿಯಬೇಡಿ. ನಿದ್ದೆ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ಕೊಡಬೇಡಿ, ಅದು ಗೊಂದಲವನ್ನು ಹೆಚ್ಚಿಸಬಹುದು. ಕಾರಣ ಹಿಡಿದು ಚಿಕಿತ್ಸೆ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ, ಕೆಲವರಿಗೆ ವಾರಗಳೂ ಹಿಡಿಯುತ್ತವೆ. ಮನೆಗೆ ಹೋದ ಮೇಲೂ ಮರೆವು, ಗೊಂದಲ ಉಳಿದಿದ್ದರೆ ಹೊಲಿಗೆ ಬಿಚ್ಚಿಸಲು ಹೋದಾಗ ಅದನ್ನೂ ಡಾಕ್ಟರಿಗೆ ಹೇಳಿ.